ಚುಚ್ಚುವುದು ಕ್ಷಣ, ಮಾಗುವುದು ವರ್ಷ

ಕಿವಿಗೋ ಹೊಕ್ಕುಳಿಗೋ ಆಭರಣ ತೊಡಿಸಲು ಚುಚ್ಚುವ ಸೂಜಿ ಒಳಹೊಕ್ಕು ಹೊರಬರಲು ಒಂದು ಸೆಕೆಂಡು ಸಾಕು. ಉಸಿರು ಎಳೆದುಕೊಳ್ಳಿ ಎನ್ನುತ್ತಾರೆ, ನಿಧಾನಕ್ಕೆ ಬಿಡಿ ಎನ್ನುತ್ತಾರೆ, ಬಿಡುವ ಆ ಉಸಿರಿನಲ್ಲೇ ಕೆಲಸ ಮುಗಿದಿರುತ್ತದೆ. ಕುಳಿತವರು "ಆಯ್ತಾ?" ಎಂದು ಕೇಳುವಷ್ಟರಲ್ಲಿ ಸೂಜಿಯ ಬೆನ್ನಿಗೇ ಆಭರಣವೂ ಒಳಗೆ ಕೂತಿರುತ್ತದೆ. ಪಕ್ಕದಲ್ಲಿ ನಿಂತು ನೋಡಿದ ಸ್ನೇಹಿತರಿಗೆ ಅನಿಸುವುದು ಒಂದೇ: ಇಷ್ಟಕ್ಕೆ ಅಷ್ಟು ದುಡ್ಡಾ?

ಹೀಗೆ ಚುಚ್ಚುವುದನ್ನೇ ಕಸುಬಾಗಿಸಿಕೊಂಡ ಒಳ್ಳೆಯ ಪಿಯರ್ಸರ್ ಒಬ್ಬರ ಮುಂದೆ ಮುಕ್ಕಾಲು ಗಂಟೆ ಕುಳಿತವರಿಗೆ ಆ ಪ್ರಶ್ನೆ ಬರುವುದಿಲ್ಲ. ಮೊದಲು ಮಾತು. ಮಧುಮೇಹ ಇದೆಯೇ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಯಾವುದಾದರೂ ಓಲೆ ಹಾಕಿದಾಗ ಕಿವಿ ತುರಿಸಿದ್ದುಂಟೇ, ಹೊಟ್ಟೆಗೆ ಏನಾದರೂ ಹಾಕಿಕೊಂಡು ಬಂದಿದ್ದೀರಾ. ಕೊನೆಯದು ಉಪಚಾರದ ಮಾತಲ್ಲ. ಖಾಲಿ ಹೊಟ್ಟೆಯಲ್ಲಿ ಬಂದವರು ಸೂಜಿ ಕಂಡೊಡನೆ ರಕ್ತದೊತ್ತಡ ಇಳಿದು ಕುರ್ಚಿಯಿಂದ ಜಾರುವುದು ಈ ಕೋಣೆಗಳಲ್ಲಿ ಅಪರೂಪವೇನಲ್ಲ. ಆಮೇಲೆ ಗುರುತು ಹಾಕುವುದು. ಹೊಕ್ಕುಳಿಗೆ ಗುರುತು ಹಾಕುವಾಗ ಮಲಗಿಸುವುದಿಲ್ಲ, ನಿಲ್ಲಿಸುತ್ತಾರೆ, ಕೂರಿಸಿ ಮತ್ತೆ ನೋಡುತ್ತಾರೆ; ಮಲಗಿದಾಗ ಒಂದು ಕಡೆ ಇರುವ ಚರ್ಮ ಎದ್ದು ಕೂತಾಗ ಬೇರೆ ಕಡೆ ಸರಿದು ಮಡಚಿಕೊಳ್ಳುತ್ತದೆ. ಎರಡು ಕಿವಿಗಳಂತೂ ಯಾರಿಗೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದಿಲ್ಲ. ಅಳತೆಪಟ್ಟಿ ಸಮ ಎಂದರೂ ಕನ್ನಡಿ ಸೊಟ್ಟ ಎನ್ನುತ್ತದೆ. ಚುಕ್ಕಿ ಇಟ್ಟು, ಹಿಂದೆ ಸರಿದು ನೋಡಿ, ಒರೆಸಿ, ಮತ್ತೆ ಇಡುವ ಈ ಆಟ ಹತ್ತು ನಿಮಿಷ ನಡೆಯಬಹುದು. ಆ ಚುಕ್ಕಿ ಇಡುವ ಪೆನ್ನು ಕೂಡ ಒಬ್ಬರಿಗೆ ಬಳಸಿದ ಮೇಲೆ ಕಸದ ಬುಟ್ಟಿಗೆ.

ಈ ವೃತ್ತಿಯ ತೊಡಕು ಇರುವುದು ಇಲ್ಲಿಯೇ. ಗಿರಾಕಿ ದುಡ್ಡು ಕೊಡುವುದು ತೂತಿಗೆ. ಸರ್ಕಾರ ಬಂದು ನೋಡುವುದು ಕೈ ತೊಳೆಯುವ ಬೇಸಿನ್ ಇದೆಯೇ ಎಂದು. ಆದರೆ ಚುಚ್ಚಿಸಿಕೊಂಡವರ ಮುಂದಿನ ಒಂದು ವರ್ಷ ಹೇಗೆ ಕಳೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಸೂಜಿ ಹೋದ ಕೋನ, ಒಳಗಿಟ್ಟ ಲೋಹ, ಮತ್ತು "ನಿಮಗೆ ಇದು ಬೇಡ" ಎಂದು ಹೇಳುವ ಎದೆಗಾರಿಕೆ. ಇವಕ್ಕೆ ಬಿಲ್ಲಿನಲ್ಲೂ ಸಾಲಿಲ್ಲ, ಬಹುಪಾಲು ಕಾನೂನುಗಳಲ್ಲೂ ಕಲಂ ಇಲ್ಲ.

ಸೂಜಿಯ ಎದುರಾಳಿಯಿಂದ ಆರಂಭಿಸೋಣ. ಆಭರಣದ ಅಂಗಡಿ, ಮಾಲ್‌ಗಳಲ್ಲಿ ಕಾಣುವ ಚುಚ್ಚುವ ಗನ್. ಇದರೊಳಗಿನ ಸ್ಪ್ರಿಂಗು, ಓಲೆಯ ಕಡ್ಡಿಯನ್ನೇ ಬಲವಂತವಾಗಿ ಕಿವಿಯೊಳಗೆ ನುಗ್ಗಿಸುತ್ತದೆ. ಪಿಯರ್ಸರ್ ಬಳಸುವ ಟೊಳ್ಳು ಸೂಜಿಯ ತುದಿ ಓರೆಯಾಗಿ ಮಸೆದಿರುತ್ತದೆ, ಅದು ಅರ್ಧಚಂದ್ರದಂಥ ಸಣ್ಣ ಸೀಳು ಮಾಡಿಕೊಂಡು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗುತ್ತದೆ. ಗನ್ನಿನ ಕಡ್ಡಿ ಅದರ ಮುಂದೆ ಮೊಂಡು. ಅದು ಕತ್ತರಿಸುವುದಿಲ್ಲ, ಹರಿಯುತ್ತದೆ. ಮೆತ್ತಗಿನ ಕಿವಿಹಾಲೆ ಇದನ್ನು ಹೇಗೋ ತಡೆದುಕೊಂಡೀತು. ಕಿವಿಯ ಮೇಲಂಚಿನ ಮೃದ್ವಸ್ಥಿಯ, ಅಂದರೆ ಬಾಗುವ ಮೆದು ಎಲುಬಿನ, ಕತೆ ಬೇರೆ. ಅಲ್ಲಿ ನೇರವಾದ ರಕ್ತನಾಳಗಳಿಲ್ಲ, ಸುತ್ತಲಿನ ತೆಳು ಪೊರೆಯಿಂದಲೇ ಅದಕ್ಕೆ ಪೋಷಣೆ. ಸೋಂಕು ಹೊಕ್ಕು ಕೀವು ತುಂಬಿ ಪೊರೆ ಎದ್ದುಬಂದರೆ ಕೆಳಗಿನ ಮೃದ್ವಸ್ಥಿ ಸಾಯುತ್ತದೆ, ಕಿವಿಯ ಆಕಾರವೇ ಕುಸಿಯುತ್ತದೆ. ರಕ್ತ ಹರಿಯದ ಕಡೆ ಆ್ಯಂಟಿಬಯೋಟಿಕ್ ತಲುಪುವುದೂ ಕಷ್ಟ.

2000ದಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹೀಗೆಯೇ ಆಯಿತು. ಒಂದು ಆಭರಣದ ಮಳಿಗೆಯಲ್ಲಿ ಕಿವಿ ಚುಚ್ಚಿಸಿಕೊಂಡವರಲ್ಲಿ 7 ಜನರಿಗೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಖಚಿತವಾಯಿತು, ಅವರೆಲ್ಲ ಎಳೆಯರು. ಮೃದ್ವಸ್ಥಿಗೆ ಗನ್ ಹೊಡೆಸಿಕೊಂಡ ಕೆಲವರ ಕಿವಿಯ ರೂಪವೇ ಕೆಟ್ಟಿತು. ಆರೋಗ್ಯಾಧಿಕಾರಿಗಳು ಹುಡುಕುತ್ತಾ ಹೋದಾಗ ಸಿಕ್ಕ ಮೂಲ ಯಾವುದು ಗೊತ್ತೇ? ಕ್ರಿಮಿನಾಶಕದ ಸ್ಪ್ರೇ ಬಾಟಲಿ. ಶುಚಿ ಮಾಡಲೆಂದು ಸಿಂಪಡಿಸುತ್ತಿದ್ದ ದ್ರವದಲ್ಲೇ ಆ ಜೀವಿ ಬೆಳೆದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಂಥ ಗನ್‌ಗಳು ಬಹುತೇಕ ಪ್ಲಾಸ್ಟಿಕ್ಕಿನವು, ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ಕ್ರಿಮಿಮುಕ್ತಗೊಳಿಸುವ ಆಟೋಕ್ಲೇವ್ ಯಂತ್ರದ ಬಿಸಿಗೆ ಕರಗುತ್ತವೆ. ಹಾಗಾಗಿ ಒರೆಸಿ ಮತ್ತೆ ಬಳಸುವುದೇ ರೂಢಿ. ಈಗ ಓಲೆಯನ್ನು ಒಳಗಿಟ್ಟು ಮುಚ್ಚಿದ, ಒಂದು ಸಲಕ್ಕೆ ಎಸೆಯುವ ಕ್ಯಾಸೆಟ್‌ಗಳು ಬಂದು ಸೋಂಕಿನ ಭಯ ಕಡಿಮೆಯಾಗಿದೆ ಎನ್ನುವವರಿದ್ದಾರೆ. ಇರಬಹುದು. ಮೊಂಡು ಕಡ್ಡಿ ಮೊಂಡಾಗಿಯೇ ಇದೆ. ಹಿಂದಿನ ಚಿಟ್ಟೆಯಾಕಾರದ ತಿರುಪು ಬಿಗಿಯಾಗಿ ಕೂತರೆ ಊತಕ್ಕೆ ಜಾಗ ಇಲ್ಲ, ಅದರ ಸುರುಳಿಯೊಳಗೆ ಕೊಳೆ ಕಟ್ಟುವುದೂ ತಪ್ಪಿಲ್ಲ.

ಪಿಯರ್ಸರ್ ಆಟೋಕ್ಲೇವನ್ನು ದೇವರ ಪೆಟ್ಟಿಗೆಯಂತೆ ಕಾಣುವುದು ಸುಮ್ಮನೆ ಅಲ್ಲ. 134 ಡಿಗ್ರಿ ಸೆಲ್ಸಿಯಸ್ ಒತ್ತಡದ ಹಬೆಯಲ್ಲಿ ಕನಿಷ್ಠ 3 ನಿಮಿಷ, ಅಥವಾ 121 ಡಿಗ್ರಿಯಲ್ಲಿ 15 ನಿಮಿಷ. ಯಂತ್ರ ಓಡಿತು ಎಂದ ಮಾತ್ರಕ್ಕೆ ನಂಬಿಕೆ ಇಲ್ಲ. ಬಿಸಿಗೆ ಜಗ್ಗದ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಒಳಗಿಟ್ಟು, ಅವು ಸತ್ತಿವೆಯೇ ಎಂದು ಆಗಾಗ ಪರೀಕ್ಷಿಸುತ್ತಾರೆ. ಸ್ಟುಡಿಯೊಗೆ ಹೋದಾಗ ಅಲಂಕಾರ ನೋಡುವ ಬದಲು ಈ ಬೀಜಕಣ ಪರೀಕ್ಷೆಯ ದಾಖಲೆ ತೋರಿಸಿ ಎಂದು ಕೇಳಬಹುದು. ಒಳ್ಳೆಯವರು ಮುಖ ಗಂಟಿಕ್ಕುವುದಿಲ್ಲ, ಖುಷಿಪಡುತ್ತಾರೆ; ಯಾರೂ ಕೇಳದ ಪ್ರಶ್ನೆ ಅದು.

ಇನ್ನು ಲೋಹ. ನನ್ನ ಪ್ರಕಾರ ಈ ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಮೋಸ ನಡೆಯುವ ಜಾಗ ಇದು. "ಸರ್ಜಿಕಲ್ ಸ್ಟೀಲ್" ಎಂಬ ಪದ ಕೇಳಲು ಆಸ್ಪತ್ರೆಯ ವಾಸನೆ ಬರುವಷ್ಟು ಶುದ್ಧ. ಆದರೆ ಅದು ಒಂದು ನಿರ್ದಿಷ್ಟ ಲೋಹದ ಹೆಸರೇ ಅಲ್ಲ. ಹಲವು ಬಗೆಯ ಉಕ್ಕಿಗೆ ಮಾರುವವರು ಅಂಟಿಸುವ ಚೀಟಿ. ದೇಹದೊಳಗೆ ಇಂಪ್ಲಾಂಟ್ ಆಗಿ ಇಡಲು ಯೋಗ್ಯ ಎಂದು ಮಾನದಂಡ ಗೊತ್ತುಮಾಡಿರುವ ಟೈಟೇನಿಯಂ ಬೇರೆಯೇ ಇದೆ, ಅದಕ್ಕೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಕೊಟ್ಟ ಗುರುತು ಎಎಸ್‌ಟಿಎಂ ಎಫ್136. ಉಕ್ಕಿಗೂ ಎಫ್138 ಎಂಬ ಮಾನದಂಡವಿದೆ, ಅದರಲ್ಲಿ 13ರಿಂದ 15 ಪ್ರತಿಶತ ನಿಕ್ಕಲ್ ಇದ್ದರೂ ಅದು ಸುಲಭಕ್ಕೆ ಹೊರಬರದಂತೆ ಬಂಧಿಯಾಗಿರುತ್ತದೆ. ಅಗ್ಗದ ಮಿಶ್ರಲೋಹದಲ್ಲಿ ಆ ಬಂಧನವೇ ಸಡಿಲ. ಹಸಿಗಾಯದ ದ್ರವದಲ್ಲಿ ನಿಕ್ಕಲ್ ಕರಗಿ ಚರ್ಮಕ್ಕೆ ಇಳಿಯುತ್ತದೆ, ಮತ್ತು ಒಮ್ಮೆ ದೇಹ ಅದನ್ನು ಶತ್ರು ಎಂದು ಗುರುತಿಟ್ಟುಕೊಂಡರೆ ಆ ಹಗೆ ಜೀವನಪೂರ್ತಿ. ಆಮೇಲೆ ಗಡಿಯಾರದ ಪಟ್ಟಿ, ಪ್ಯಾಂಟಿನ ಗುಂಡಿ ತಗುಲಿದರೂ ಕಜ್ಜಿ.

ಯುರೋಪಿನ ಒಕ್ಕೂಟ ಇದನ್ನು 1994ರಲ್ಲೇ ಕಾನೂನಿನ ವಿಷಯವನ್ನಾಗಿ ಮಾಡಿತು. ಮೊದಲು ಚುಚ್ಚುವ ಕಡ್ಡಿಯಲ್ಲಿ ಎಷ್ಟು ನಿಕ್ಕಲ್ ಇದೆ ಎಂದು ಅಳೆಯುತ್ತಿದ್ದರು. 2004ರಲ್ಲಿ ಅಳತೆಯನ್ನೇ ಬದಲಿಸಿ, ವಾರಕ್ಕೆ ಒಂದು ಚದರ ಸೆಂಟಿಮೀಟರಿನಿಂದ ಹೊರಬರುವ ನಿಕ್ಕಲ್ 0.2 ಮೈಕ್ರೊಗ್ರಾಮಿಗಿಂತ ಕಡಿಮೆ ಇರಬೇಕು ಎಂದರು. ಜಾಣ ತಿದ್ದುಪಡಿ: ಲೋಹದೊಳಗೆ ಏನಿದೆ ಎನ್ನುವುದಕ್ಕಿಂತ ಅದು ಮೈಗೆ ಏನು ಬಿಟ್ಟುಕೊಡುತ್ತದೆ ಎನ್ನುವುದು ಮುಖ್ಯ. ಆದರೆ ಆನ್‌ಲೈನಿನಲ್ಲಿ ಹತ್ತು ಜೊತೆಯ ಪೊಟ್ಟಣದಲ್ಲಿ "ಟೈಟೇನಿಯಂ" ಎಂದು ಬರುವ ಸರಕನ್ನು ಯಾರು ಪರೀಕ್ಷಿಸುತ್ತಾರೆ? ಜವಾಬ್ದಾರಿಯುತ ಪಿಯರ್ಸರ್ ತಯಾರಕರಿಂದ ಲೋಹದ ಗಿರಣಿಯ ಪ್ರಮಾಣಪತ್ರ ತರಿಸಿಕೊಳ್ಳುತ್ತಾರೆ, ಯಾವ ಬ್ಯಾಚ್, ಯಾವ ಮಿಶ್ರಣ ಎಂದು ಅದರಲ್ಲಿ ಬರೆದಿರುತ್ತದೆ. ಆ ಕಾಗದಕ್ಕೂ ಸೇರಿಯೇ ಗಿರಾಕಿ ಹೆಚ್ಚು ಕೊಡುವುದು. ಕಣ್ಣಿಗೆ ಮಾತ್ರ ಎರಡೂ ಮಿಂಚುವ ಪುಟ್ಟ ಗುಂಡುಗಳೇ.

ಒಳ್ಳೆಯ ಆಭರಣವನ್ನು ಬರಿಗಣ್ಣಿನಲ್ಲಿ ಗುರುತಿಸಲು ಒಂದು ದಾರಿ ಇದೆ: ತಿರುಪಿನ ಸುರುಳಿಗೆರೆ, ಅಂದರೆ ಮರೆ, ಎಲ್ಲಿದೆ ನೋಡಿ. ಕಡ್ಡಿಯ ಹೊರಮೈಗೆ ಸ್ಕ್ರೂವಿನಂಥ ಮರೆ ಕೊರೆದಿದ್ದರೆ ಪ್ರತಿ ಸಲ ಹಾಕುವಾಗಲೂ ಅದು ಗಾಯದ ಒಳಗೋಡೆಗೆ ಗರಗಸ ಎಳೆದಂತೆ. ಮರೆ ಕಡ್ಡಿಯ ಒಳಗಿದ್ದರೆ, ಅಥವಾ ಮರೆಯೇ ಇಲ್ಲದೆ ಒತ್ತಿ ಕೂರಿಸುವಂತಿದ್ದರೆ ಚರ್ಮಕ್ಕೆ ತಾಗುವುದು ನುಣುಪು ಮೈ ಮಾತ್ರ. ಇನ್ನು ಟೈಟೇನಿಯಮ್ಮಿನ ಆ ನೀಲಿ, ನೇರಳೆ, ಹೊಂಬಣ್ಣ ಯಾವುದೂ ಬಳಿದ ಬಣ್ಣವಲ್ಲ. ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಮೇಲ್ಮೈಯ ಆಕ್ಸೈಡ್ ಪದರ ದಪ್ಪವಾಗುತ್ತದೆ, ಬೆಳಕು ಅದರಲ್ಲಿ ಆಡುವ ಆಟವೇ ಬಣ್ಣ. ಸುಮಾರು 30 ವೋಲ್ಟಿಗೆ ನೀಲಿ, 50 ದಾಟಿದರೆ ಹಳದಿ, ಇನ್ನೂ ಏರಿಸಿದರೆ ಗುಲಾಬಿ. ಅಚ್ಚ ಕೆಂಪು ಎಷ್ಟು ವೋಲ್ಟ್ ಕೊಟ್ಟರೂ ಬರುವುದಿಲ್ಲ. ಸೋಪುನೀರಿನ ಗುಳ್ಳೆಯ ಮೇಲಿನ ಬಣ್ಣದ ಗುಟ್ಟೇ ಇಲ್ಲಿಯದೂ.

ಇಷ್ಟೆಲ್ಲ ಕಲಿಸುವ ಕಾಲೇಜು ಎಲ್ಲಿದೆ? ಬಹುಪಾಲು ಇಲ್ಲ. ಗರಡಿಯ ಮಾದರಿ ಇನ್ನೂ ಉಳಿದಿರುವ ಕೆಲವೇ ಕಸುಬುಗಳಲ್ಲಿ ಇದೂ ಒಂದು. ಶಿಷ್ಯರಾಗಿ ಸೇರಿದವರು ಮೊದಲ ಕೆಲವು ತಿಂಗಳು ಸೂಜಿ ಮುಟ್ಟುವುದಿಲ್ಲ. ನೆಲ ಒರೆಸುವುದು, ಬಳಸಿದ ಇಕ್ಕಳ ಉಜ್ಜುವುದು, ಪೊಟ್ಟಣ ಸೀಲು ಮಾಡುವುದು, ಗಿರಾಕಿಯ ಜೊತೆ ಮಾತಾಡುವುದು. ಒಂದೆರಡು ವರ್ಷ ಸಂಬಳ ಇಲ್ಲದೆ, ಕೆಲವೊಮ್ಮೆ ತಾವೇ ಶುಲ್ಕ ಕಟ್ಟಿ ಕಲಿಯುವವರಿದ್ದಾರೆ. ಕೈ ಪಳಗಲು ಬೇರೆ ದಾರಿ ಇಲ್ಲ ಎನ್ನುವುದು ನಿಜ. ಮನೆಯಲ್ಲಿ ಆಸರೆ ಇದ್ದವರಿಗೆ ಮಾತ್ರ ಈ ದಾರಿ ತೆರೆದಿರುತ್ತದೆ ಎನ್ನುವುದೂ ಅಷ್ಟೇ ನಿಜ. ಗುರು ಸರಿಯಿಲ್ಲದಿದ್ದರೆ ಶಿಷ್ಯ ಕಲಿಯುವುದು ಅವರ ತಪ್ಪುಗಳನ್ನೇ.

ಆಧುನಿಕ ಪಿಯರ್ಸಿಂಗ್ ಒಂದು ವೃತ್ತಿಯಾಗಿ ಐವತ್ತು ವರ್ಷ ಹಳೆಯದು ಅಷ್ಟೇ. ಚುಚ್ಚುವುದು ಹಳೆಯದು: ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ, ಓಟ್ಜಿ ಎಂದು ಹೆಸರಿಟ್ಟ ಮನುಷ್ಯನ ಶವದ ಕಿವಿಹಾಲೆಯಲ್ಲೂ ಹಿಗ್ಗಿಸಿದ ತೂತಿತ್ತು. ಆದರೆ ಇದನ್ನೇ ಕಸುಬಾಗಿ ಮಾಡಿಕೊಂಡ ಅಂಗಡಿ ಎಂದರೆ ಜಿಮ್ ವಾರ್ಡ್ 1975ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮನೆಯಿಂದಲೇ ಆರಂಭಿಸಿದ ಗಾಂಟ್ಲೆಟ್. ಅವರಿಗೆ ಬಂಡವಾಳ ಕೊಟ್ಟವರು ಡಗ್ ಮ್ಯಾಲೊಯ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಿಚರ್ಡ್ ಸೈಮಂಟನ್. ಈ ಮ್ಯಾಲೊಯ್ ಪಿಯರ್ಸಿಂಗಿಗೆ ಒಂದು ಭವ್ಯ ಇತಿಹಾಸ ಬೇಕೆಂದು ರೋಮನ್ ಸೇನಾಧಿಕಾರಿಗಳು ಮೊಲೆತೊಟ್ಟಿನ ಉಂಗುರಕ್ಕೆ ಮೇಲಂಗಿ ಸಿಕ್ಕಿಸುತ್ತಿದ್ದರು ಎಂಬಂಥ ಕತೆಗಳನ್ನು ಹೆಣೆದರು. ಇಂದಿಗೂ ಅವು ಸತ್ಯದ ವೇಷದಲ್ಲಿ ಓಡಾಡುತ್ತಿವೆ. 1990ರ ದಶಕದಲ್ಲಿ ಹೊಕ್ಕುಳ ಚುಚ್ಚಿಸಿಕೊಳ್ಳುವುದು ಫ್ಯಾಷನ್ನಾಗಿ ಅಂಗಡಿಗಳು ಅಣಬೆಯಂತೆ ಎದ್ದಾಗ, 1994ರಲ್ಲಿ ಅಸೋಸಿಯೇಷನ್ ಆಫ್ ಪ್ರೊಫೆಷನಲ್ ಪಿಯರ್ಸರ್ಸ್ ಹುಟ್ಟಿತು. ಅದರ ಸದಸ್ಯರು ಗನ್ ಮುಟ್ಟುವಂತಿಲ್ಲ, ಹೊಸ ಗಾಯಕ್ಕೆ ಮಾನದಂಡದ ಲೋಹವನ್ನೇ ಹಾಕಬೇಕು. ಆದರೆ ಇದು ಸ್ವಇಚ್ಛೆಯ ಸಂಘ. ಸೇರದವರನ್ನು ಕೇಳುವವರಿಲ್ಲ.

ಬೇಡ ಎನ್ನುವ ವಿಷಯಕ್ಕೆ ಬರೋಣ. ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿ "ಇದೇ ಬೇಕು" ಎನ್ನುವ ಗಿರಾಕಿ ಪ್ರತಿದಿನ ಬರುತ್ತಾರೆ. ಫೋಟೊದಲ್ಲಿರುವ ಕಿವಿಗೆ ಒಳಮಡಿಕೆ ಎದ್ದು ಕಾಣುತ್ತದೆ, ಎದುರಿಗಿರುವ ಕಿವಿಗೆ ಅದೇ ಇಲ್ಲ. ಕೂತಾಗ ಪೂರ್ತಿ ಮಡಚಿ ಮುಚ್ಚಿಹೋಗುವ ಹೊಕ್ಕುಳಿಗೆ ಮಾಮೂಲಿ ಬಾಗಿದ ಕಡ್ಡಿ ಹಾಕಿದರೆ ದೇಹ ಅದನ್ನು ತಿಂಗಳುಗಟ್ಟಲೆ ಹೊರದೂಡುತ್ತಾ ಕೊನೆಗೊಂದು ಕಲೆ ಉಳಿಸುತ್ತದೆ. ನಾಲಿಗೆಯ ತುದಿಗೆ ಅಡ್ಡಲಾಗಿ ಹಾವಿನ ಕಣ್ಣಿನಂತೆ ಕಾಣುವ ಚುಚ್ಚನ್ನು ಅನೇಕ ನುರಿತವರು ಮಾಡುವುದೇ ಇಲ್ಲ. ಬಿಡಿಬಿಡಿಯಾಗಿ ಆಡಬೇಕಾದ ನಾಲಿಗೆಯ ಎರಡು ಬದಿಯ ಸ್ನಾಯುಗಳನ್ನು ಒಂದೇ ಕಡ್ಡಿಗೆ ಕಟ್ಟಿಹಾಕಿದಂತೆ ಅದು, ಹಲ್ಲಿಗೂ ಕಂಟಕ. ಕಿವಿಯೊಳಗಿನ ಡೇತ್ ಎಂಬ ಮಡಿಕೆ ಚುಚ್ಚಿಸಿದರೆ ಮೈಗ್ರೇನ್ ಹೋಗುತ್ತದೆ ಎಂದು ನಂಬಿ ಬರುವವರೂ ಇದ್ದಾರೆ. ಗಟ್ಟಿ ಪುರಾವೆ ಇಲ್ಲದ ಮಾತು. ತಲೆನೋವಿನಿಂದ ಬಸವಳಿದವರ ಮುಂದೆ "ಇದರಿಂದ ಗುಣವಾಗುತ್ತದೆಂದು ನಾನು ಹೇಳಲಾರೆ" ಎಂದು ನಿಜ ಹೇಳುವುದಕ್ಕೆ ದಿನದ ದುಡಿಮೆಯ ಒಂದು ಪಾಲು ಹೋಗುತ್ತದೆ.

ಇಲ್ಲಿ ಲೆಕ್ಕ ಕೈಕೊಡುತ್ತದೆ. ಬಹಳ ಕಡೆ ಪಿಯರ್ಸರಿಗೆ ತಿಂಗಳ ಸಂಬಳವಿಲ್ಲ. ಪ್ರತಿ ಚುಚ್ಚಿನಲ್ಲಿ, ಮಾರಿದ ಪ್ರತಿ ಆಭರಣದಲ್ಲಿ ಪಾಲು. ಬೇಡ ಎಂದರೆ ಅರ್ಧ ಗಂಟೆ ಮಾತು ದಂಡ, ಬಂದ ಗಿರಾಕಿಗೂ ಬಂದ ದಾರಿಗೆ ಸುಂಕವಿಲ್ಲ. ಆಕೆ ಅಥವಾ ಆತ ನೇರ ಮುಂದಿನ ಅಂಗಡಿಗೆ ಹೋಗಿ ಅದನ್ನೇ ಚುಚ್ಚಿಸಿಕೊಂಡು, ನಾಲ್ಕು ತಿಂಗಳ ಮೇಲೆ ಬಾವು ಬಂದ ಕಿವಿ ಹಿಡಿದು ಮೊದಲು ಬೇಡ ಎಂದವರ ಬಾಗಿಲಿಗೇ ಬರುವುದು ಈ ಕಸುಬಿನಲ್ಲಿ ಎಲ್ಲರೂ ಹೇಳುವ ಕತೆ. ಆ ಸಲಹೆಗೂ ಬಹುಮಂದಿ ದುಡ್ಡು ತೆಗೆದುಕೊಳ್ಳುವುದಿಲ್ಲ.

ಯಾಕೆಂದರೆ ಚುಚ್ಚಿದ್ದು ಗಾಯ, ಗಾಯಕ್ಕೆ ಅದರದೇ ಪಂಚಾಂಗ. ಕಿವಿಹಾಲೆಗೆ ಆರರಿಂದ ಎಂಟು ವಾರ. ಮೃದ್ವಸ್ಥಿಗೆ, ಹೊಕ್ಕುಳಿಗೆ ಆರು ತಿಂಗಳಿಂದ ಒಂದು ವರ್ಷ. ಹೊರಗಿಂದ ಒಣಗಿದಂತೆ ಕಾಣುವಾಗ ಒಳಗಿನ್ನೂ ಹಸಿ. ಗಾಯ ಎರಡೂ ಬಾಯಿಯಿಂದ ನಡುವಿನ ಕಡೆಗೆ ಮಾಗುತ್ತಾ ಬರುತ್ತದೆ. ಈ ಕಾಲದಲ್ಲಿ ಮಾಡಬೇಕಾದ್ದು ಬೇಸರ ಬರುವಷ್ಟು ಕಡಿಮೆ: 0.9 ಪ್ರತಿಶತದ ಶುದ್ಧ ಲವಣಜಲ ಸಿಂಪಡಿಸಿ, ಒಣಗಿಸಿ, ಕೈ ತೆಗೆಯುವುದು. ಜನ ಮಾಡುವುದು ತದ್ವಿರುದ್ಧ. ಸ್ಪಿರಿಟ್ ಹಚ್ಚುತ್ತಾರೆ, ಹೈಡ್ರೋಜನ್ ಪೆರಾಕ್ಸೈಡ್ ಸುರಿಯುತ್ತಾರೆ, ಅಂಟಿಕೊಳ್ಳಬಾರದೆಂದು ದಿನಾ ತಿರುಗಿಸಿ ಎಳೆಗೂಡಿದ ಚರ್ಮವನ್ನು ಹರಿದುಕೊಳ್ಳುತ್ತಾರೆ. ಆ ಕಡೆಗೇ ಒರಗಿ ಮಲಗುತ್ತಾರೆ, ಕಡ್ಡಿ ವಾಲುತ್ತದೆ, ಪಕ್ಕದಲ್ಲಿ ಕೆಂಪು ಗಂಟು ಏಳುತ್ತದೆ. ಇದು ಕೆಲಾಯ್ಡ್, ಅಂದರೆ ಗಾಯವನ್ನೂ ಮೀರಿ ಬೆಳೆಯುವ ಕಲೆಗಂಟು, ಎಂದು ಹೆದರುವುದು ಆಮೇಲಿನ ಹಂತ. ಹೆಚ್ಚಿನವು ಕಿರಿಕಿರಿಗೆ ಎದ್ದ ಗಂಟುಗಳು, ಕಾರಣ ಹೋದರೆ ತಾವೂ ಇಳಿಯುತ್ತವೆ. ನಿಜವಾಗಿ ಸೋಂಕಾಗಿದ್ದರೆ ಆಭರಣವನ್ನು ತಾವಾಗಿಯೇ ಕಿತ್ತುಹಾಕುವುದು ಒಳ್ಳೆಯ ಯೋಚನೆಯಲ್ಲ, ಗಾಯದ ಬಾಯಿ ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ಅದು ವೈದ್ಯರು ನೋಡಿ ಹೇಳಬೇಕಾದ್ದು.

ಮತ್ತೆ ಬನ್ನಿ ಎಂದು ಪಿಯರ್ಸರ್ ಹೇಳುವುದು ವ್ಯಾಪಾರಕ್ಕಾಗಿ ಎಂದು ಗಿರಾಕಿಗಳಿಗೆ ಅನುಮಾನ. ಆದರೆ ಮೊದಲ ದಿನ ಊತಕ್ಕೆ ಜಾಗ ಬಿಟ್ಟು ಉದ್ದನೆಯ ಕಡ್ಡಿ ಹಾಕಿರುತ್ತಾರೆ, ಊತ ಇಳಿದ ಮೇಲೆ ಚಿಕ್ಕದಕ್ಕೆ ಬದಲಿಸಲೇಬೇಕು. ಇಲ್ಲದಿದ್ದರೆ ಅದು ಕೂದಲಿಗೆ, ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ನಾಲಿಗೆಯಲ್ಲಾದರೆ ಹಲ್ಲಿನ ಚಕ್ಕೆ ಎಬ್ಬಿಸುತ್ತದೆ, ವಸಡು ಸವೆಸುತ್ತದೆ. ಇಂಗ್ಲೆಂಡಿನಲ್ಲಿ 10,503 ಜನರನ್ನು ಕೇಳಿ ಮಾಡಿದ, 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕಿವಿಹಾಲೆ ಬಿಟ್ಟು ಬೇರೆಡೆ ಚುಚ್ಚಿಸಿಕೊಂಡ 16ರಿಂದ 24 ವಯಸ್ಸಿನವರ ಪೈಕಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಚುಚ್ಚುಗಳಲ್ಲಿ ತೊಂದರೆ ಕಾಣಿಸಿತ್ತು. ಆಸ್ಪತ್ರೆ ಸೇರಬೇಕಾಗಿ ಬಂದದ್ದು ನೂರಕ್ಕೆ ಒಂದು. ಈ ಎರಡು ಅಂಕಿಗಳ ನಡುವಿನ ಊತ, ಕೀವು, ರಕ್ತ, ಗಂಟುಗಳೇ ಪಿಯರ್ಸರ ಮೊಬೈಲಿಗೆ ರಾತ್ರಿ ಹನ್ನೊಂದಕ್ಕೆ ಫೋಟೊ ಆಗಿ ಬರುವುದು.

ಪಿಯರ್ಸರ ಮೈಗಾಗುವ ತೊಂದರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಗಿ ಬಾಗಿ ಬೆನ್ನು ಹಿಡಿಯುತ್ತದೆ, ಮಣಿಕಟ್ಟು ಸೋಲುತ್ತದೆ. ಬಳಸಿದ ಸೂಜಿ ಒಮ್ಮೆ ತಮ್ಮ ಬೆರಳಿಗೇ ತಗುಲಿದರೆ, ಆ ಗಿರಾಕಿಗೆ ಹೆಪಟೈಟಿಸ್ ಬಿ ಇದ್ದು ತಾವು ಲಸಿಕೆ ಹಾಕಿಸಿಕೊಳ್ಳದಿದ್ದರೆ ಸೋಂಕಿನ ಸಾಧ್ಯತೆ 6ರಿಂದ 30 ಪ್ರತಿಶತ. ಎಚ್‌ಐವಿಗೆ ಅದು ಸುಮಾರು 0.3. ಎಲ್ಲರೂ ಹೆದರುವುದು ಎರಡನೆಯದಕ್ಕೆ, ಲಸಿಕೆ ಇರುವುದು ಮೊದಲನೆಯದಕ್ಕೆ.

ಹಾಗಾದರೆ ಕಾನೂನು? ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದಲ್ಲಿ ಹೆಸರು ನೋಂದಾಯಿಸಿ, ಶುಚಿತ್ವದ ಉಪನಿಯಮ ಪಾಲಿಸಬೇಕೆಂಬ ವ್ಯವಸ್ಥೆ. ಎಲ್ಲಿ ಗೆರೆ ಎಂಬ ಪ್ರಶ್ನೆಗೆ 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಉತ್ತರ ಕೊಟ್ಟಿತು: ಗಿರಾಕಿಯ ಒಪ್ಪಿಗೆ ಪಡೆದೇ ಕಿವಿ ತೆಗೆದ, ನಾಲಿಗೆ ಸೀಳಿದ ಸ್ಟುಡಿಯೊ ಮಾಲೀಕನಿಗೆ ಆ ಒಪ್ಪಿಗೆ ರಕ್ಷಣೆಯಾಗದು ಎಂದಿತು. ಚುಚ್ಚುವುದು, ಹಚ್ಚೆ ಹಾಕುವುದು ಒಪ್ಪಿಗೆಯ ವ್ಯಾಪ್ತಿಯಲ್ಲೇ ಉಳಿದವು. ವೇಲ್ಸ್ ಇನ್ನೂ ಮುಂದೆ ಹೋಗಿದೆ. 2018ರ ಫೆಬ್ರುವರಿಯಿಂದ ಅಲ್ಲಿ 18 ತುಂಬದವರ ಖಾಸಗಿ ಅಂಗಗಳನ್ನು ಚುಚ್ಚುವಂತಿಲ್ಲ, ನಾಲಿಗೆಯೂ ಆ ಪಟ್ಟಿಯಲ್ಲಿದೆ. 2024ರ ನವೆಂಬರ್ 29ರಿಂದ ಚುಚ್ಚುವವರಿಗೆ ವೈಯಕ್ತಿಕ ಪರವಾನಗಿ, ಜಾಗಕ್ಕೆ ಪ್ರತ್ಯೇಕ ಅನುಮೋದನೆ, ಜೊತೆಗೆ ಸೋಂಕು ತಡೆಯುವ ಬಗ್ಗೆ ಒಂದು ಅರ್ಹತಾ ಪರೀಕ್ಷೆ ಕಡ್ಡಾಯ.

ಇದು ಒಳ್ಳೆಯ ಹೆಜ್ಜೆ ಎಂದೇ ನನ್ನ ಎಣಿಕೆ. ಅಡುಗೆಮನೆಯ ಮೇಜಿನ ಮೇಲೆ ಆನ್‌ಲೈನ್ ಸೂಜಿಯ ಕಿಟ್ ಹರಡಿಕೊಂಡು ಕೂರುವವರನ್ನು ತಡೆಯಲು ಏನಾದರೂ ಹಿಡಿತ ಬೇಕು. ಆದರೆ ಆ ಪರೀಕ್ಷೆ ಪಾಸಾದವರಿಗೆ ಕೋನ ಹಿಡಿಯಲು ಬರುತ್ತದೆಯೇ ಎಂದು ಪರವಾನಗಿ ಹೇಳುವುದಿಲ್ಲ. ಕೈ ತೊಳೆಯಲು ಬಲ್ಲವರೆಲ್ಲ ಕಿವಿ ಓದಲು ಬಲ್ಲವರಲ್ಲ. ಕೈಚಳಕವನ್ನು ಅಳೆಯುವ ಪರೀಕ್ಷೆ ಯಾರು ಮಾಡಬೇಕು ಎಂದರೆ ವೃತ್ತಿಯೊಳಗೇ ಒಮ್ಮತ ಇಲ್ಲ: ಸರ್ಕಾರಕ್ಕೆ ಆ ವಿದ್ಯೆ ಗೊತ್ತಿಲ್ಲ, ಹಿರಿಯರಿಗೆ ಬಿಟ್ಟರೆ ಹೊಸಬರು ಒಳಬರದಂತೆ ಬಾಗಿಲು ಹಾಕಿಕೊಂಡಾರು ಎಂಬ ಭಯ.

ಅಲ್ಲಿಯವರೆಗೆ ಅಳೆಯುವ ಕೆಲಸ ಗಿರಾಕಿಯದೇ. ಸ್ಟುಡಿಯೊಗೆ ಹೋದಾಗ ಗೋಡೆಯ ಮೇಲೆ, ಮೊಬೈಲಿನಲ್ಲಿ ತೋರಿಸುವ ಫೋಟೊಗಳನ್ನು ನೋಡಿ. ಬಹುತೇಕ ಎಲ್ಲವೂ ಚುಚ್ಚಿದ ಐದು ನಿಮಿಷಕ್ಕೆ ತೆಗೆದವು. ಆಗ ಎಲ್ಲರ ಕೆಲಸವೂ ಚೆಂದ. ಒಂದು ವರ್ಷ ಆದ ಮೇಲಿನದ್ದು ಇದ್ದರೆ ತೋರಿಸಿ ಎನ್ನಿ. ಕೆಲವರು ಮಾತು ಬದಲಿಸುತ್ತಾರೆ. ಕೆಲವರು ಕುರ್ಚಿ ಎಳೆದುಕೊಂಡು ಕೂತು, ಮೊಬೈಲಿನಲ್ಲಿ ಹಿಂದಕ್ಕೆ ಸರಿಸುತ್ತಾ ಹೋಗುತ್ತಾರೆ.